ಉಳಿಯ ಹಿಡಿ ಹೇಳುವ ಚರಿತ್ರೆ

‘ಕೊಡಲಿ ಕಾವು ಕುಲಕ್ಕೆ ಮೃತ್ಯು’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ಕಡಿಮೆ. ಮರದಿಂದ ಹುಟ್ಟಿದ ಕಾವು ಕೊಡಲಿಯ ಜತೆ ಸೇರಿಕೊಂಡು ಮರದ ಕುಲವನ್ನೇ ಕಡಿಯುತ್ತದೆ ಎಂಬುದು ಅದರ ಅರ್ಥ. ಮನೆಯವರೇ ಮನೆ ಮುರಿದಾಗ, ನಂಬಿದವರೇ ಕೈಕೊಟ್ಟಾಗ ನಮ್ಮ ಹಿರಿಯರು ಈ ಮಾತು ಆಡುತ್ತಿದ್ದರು. ಹೀಗಾಗಿ ಕಾವು, ಹಿಡಿ, ಹಿಡಿಕೆಗಳಿಗೆ ನಮ್ಮ ಭಾಷೆಯಲ್ಲಿ ಒಂದು ಕೆಟ್ಟ ಹೆಸರು ಅಂಟಿಕೊಂಡುಬಿಟ್ಟಿದೆ. ಚರಿತ್ರೆಯ ಪುಸ್ತಕಗಳಲ್ಲಂತೂ ಹಿಡಿಗೆ ಕೆಟ್ಟ ಹೆಸರೂ ಇಲ್ಲ, ಒಳ್ಳೆಯ ಹೆಸರೂ ಇಲ್ಲ. ಅಲ್ಲಿ ಕಾಣುವುದೆಲ್ಲ ಅಲಗು. ಯಾರ ಕತ್ತಿ ಎಷ್ಟು ಹರಿತವಾಗಿತ್ತು, ಯಾರ ಕೋಟೆ ಯಾರು ಗೆದ್ದರು ಎಂಬ ಲೆಕ್ಕ ಅಲ್ಲಿ ಸಿಗುತ್ತದೆ. ಆ ಅಲಗನ್ನು ಕೈಗೆ ಕೂಡಿಸಿದ ಮರದ ತುಂಡಿನ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಈ ಲೇಖನದಲ್ಲಿ ನಾವು ಅಂಥದೊಂದು ಮರದ ತುಂಡಿನ ಕಡೆಗೆ ಓದುಗರ ಗಮನ ಸೆಳೆಯಬಯಸುತ್ತೇವೆ. ಅದು ಮರ ಕಡೆಯುವವನು ತನ್ನ ಉಳಿಗೆ ತಾನೇ ಮಾಡಿಕೊಳ್ಳುವ ಹಿಡಿ. ಅಂಗಡಿಯಲ್ಲಿ ಮಾರಾಟಕ್ಕೆ ಬಾರದ, ಪ್ರದರ್ಶನದಲ್ಲಿ ಇಡದ, ಮಾಡಿದವನ ಅಂಗೈಯಲ್ಲೇ ಸವೆದು ಕಡೆಗೆ ಒಲೆ ಸೇರುವ ವಸ್ತು ಅದು. ಆದರೂ ಅದನ್ನು ಬಿಡಿಸಿ ನೋಡಿದರೆ ನಮ್ಮ ಗಡಿನಾಡಿನ ಹಲವು ಕುಲಗಳು, ಮೂರು ಭಾಷೆಗಳು, ಒಂಬತ್ತು ಶತಮಾನಗಳು ಅದರೊಳಗಿಂದ ಹೊರಬರುತ್ತವೆ.

ಒಂದು ಕೆಲಸ, ಮೂರು ಹೆಸರು

ಬೆಳಗಾವಿ ಜಿಲ್ಲೆಯ ರಾಯಬಾಗ ತಾಲೂಕಿನ ಮುಗಳಖೋಡ ಯಲ್ಲಾಲಿಂಗೇಶ್ವರ ಮಠದಿಂದಾಗಿ ಹೊರಗಿನವರಿಗೆ ಪರಿಚಿತವಾದ ಊರು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ. ನಡುವಿನ ಈ ಸೀಮೆ ಇಂದು ಕಬ್ಬಿನ ಸೀಮೆ. ಪೂರ್ವಕ್ಕೆ ಹೋದರೆ ರಬಕವಿ, ಬನಹಟ್ಟಿಗಳ ನೇಕಾರರ ಮಗ್ಗಗಳು. ದಕ್ಷಿಣಕ್ಕೆ ನದಿ ದಾಟಿದರೆ ಬಣ್ಣದ ಮರದ ಹಣ್ಣು, ಬೊಂಬೆಗಳಿಗೆ ಹೆಸರಾದ ಗೋಕಾಕ. ಪಶ್ಚಿಮಕ್ಕೆ ಮಹಾರಾಷ್ಟ್ರದ ಗಡಿ. ಇಲ್ಲಿಯ ಮನೆಗಳಲ್ಲಿ ತಿರುಗಿಸಿ ಕಡೆದ ಮರದ ಸಾಮಾನು ಒಂದಿಲ್ಲೊಂದು ಇದ್ದೇ ಇರುತ್ತಿತ್ತು. ರೊಟ್ಟಿ ತಟ್ಟುವ ನಾಡಾದರೂ ಚಪಾತಿಗೆ ಲಟ್ಟಣಿಗೆ ಬೇಕು. ಮಜ್ಜಿಗೆಗೆ ಕಡಗೋಲು, ಹೊರಸಿಗೆ ಕಾಲು, ತೊಟ್ಟಿಲಿಗೆ ಗುಂಡು ಕಂಬ, ಹುಡುಗರಿಗೆ ಬುಗುರಿ, ನೇಕಾರನಿಗೆ ನೂಲಿನ ಉರುಳೆ, ಚಕ್ಕಡಿಗೆ ಗಾಲಿಯ ಗುಂಬ ಬೇಕು.

ಈ ಕೆಲಸಕ್ಕೆ ನಮ್ಮ ಸೀಮೆಯಲ್ಲಿ ಮೂರು ಮಾತುಗಳಿವೆ. ಕನ್ನಡದ ಮಾತು ‘ಕಡೆ’. ಮಜ್ಜಿಗೆ ಕಡೆಯುವುದೂ ಅದೇ, ಮರ ಕಡೆಯುವುದೂ ಅದೇ, ಶಿಲ್ಪಿ ಕಲ್ಲನ್ನು ಕಡೆಯುವುದೂ ಅದೇ. ಇದು ಬರೀ ಪದದ ಹೋಲಿಕೆಯಲ್ಲ. ಕಡಗೋಲಿಗೆ ಹಗ್ಗ ಸುತ್ತಿ ಎಳೆದರೆ ಅದು ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ ತಿರುಗುತ್ತದೆ. ಅದೇ ಕಡಗೋಲನ್ನು ಅಡ್ಡ ಮಲಗಿಸಿ ಎರಡು ತುದಿಗೂ ಮೊಳೆ ಕೊಟ್ಟು ನಿಲ್ಲಿಸಿ, ತಿರುಗುವ ಮೈಗೆ ಉಳಿ ಹಿಡಿದರೆ ಅದೇ ಮರ ಕಡೆಯುವ ಯಂತ್ರ. ನಮ್ಮ ತಾಯಂದಿರ ಅಡುಗೆಮನೆಯಲ್ಲಿ ಬೆಳಗಾಗೆ ನಡೆಯುತ್ತಿದ್ದ ಕೆಲಸವೇ ಕುಶಲಕರ್ಮಿಯ ಅಂಗಳದಲ್ಲಿಯೂ ನಡೆಯುತ್ತಿತ್ತು. ಮರಾಠಿಯಲ್ಲಿ ಈ ಕೆಲಸದವನು ‘ಕಾತಾರಿ’. ಉರ್ದುವಿನಲ್ಲಿ ಯಂತ್ರ ‘ಖರಾದ್’, ಮಾಡುವವನು ‘ಖರಾದಿ’. ಅರಬಿಯಲ್ಲಿ ಇದೇ ಕಸುಬಿನವನಿಗೆ ‘ಖರ್‍ರಾತ್’ ಎನ್ನುತ್ತಾರೆ. ಕೈರೋ ನಗರದ ಹಳೆಯ ಮನೆಗಳ ಕಿಟಕಿಗಳಿಗೆ ಮರದ ಮಣಿಗಳನ್ನು ಕಡೆದು ಜೋಡಿಸಿದ ಜಾಲಂಧ್ರಗಳನ್ನು ಮಾಡಿದವರು ಈ ಖರ್‍ರಾತರೇ.

ಯಂತ್ರದ ವಯಸ್ಸು ದೊಡ್ಡದು. ಈಜಿಪ್ಟಿನ ಪೆಟೊಸಿರಿಸ್ ಎಂಬಾತನ ಸಮಾಧಿಯ ಗೋಡೆಯಲ್ಲಿ, ಕ್ರಿಸ್ತಪೂರ್ವ 300ರ ಸುಮಾರಿಗೆ ಕೆತ್ತಿದ ಚಿತ್ರದಲ್ಲಿ, ಇಬ್ಬರು ಮರ ಕಡೆಯುತ್ತಿದ್ದಾರೆ. ಒಬ್ಬನು ಪಟ್ಟಿ ಎಳೆದು ತಿರುಗಿಸುತ್ತಾನೆ, ಇನ್ನೊಬ್ಬನು ಉಳಿ ಹಿಡಿದಿದ್ದಾನೆ. ನಮ್ಮಲ್ಲಿ ಮರ ಉಳಿಯಲಿಲ್ಲ, ಕಲ್ಲು ಉಳಿಯಿತು. ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿಯನ್ನು ನೋಡಿದವರಿಗೆ ಅದರ ಕಂಬಗಳ ನುಣುಪಾದ ಬಳೆಬಳೆಯ ಮೈ ನೆನಪಿರಬಹುದು. ರಟ್ಟರ ನಾಲ್ಕನೇ ಕಾರ್ತವೀರ್ಯನ ಮಂತ್ರಿ ಬೀಚಣ ಅದನ್ನು ಕಟ್ಟಿಸಿದ್ದು 1204ರಲ್ಲಿ. ಲಕ್ಕುಂಡಿ, ಇಟಗಿ, ಬೇಲೂರುಗಳಲ್ಲಿಯೂ ತಿರುಗಿಸಿ ಕಡೆದ ಕಂಬಗಳಿವೆ. ಟನ್‌ಗಟ್ಟಲೆ ತೂಕದ ಕಲ್ಲನ್ನು ತಿರುಗಿಸಿ ಕಡೆದ ನಾಡಿನಲ್ಲಿ ಮರ ಕಡೆಯುವ ವಿದ್ಯೆ ಅದಕ್ಕೂ ಮೊದಲೇ ಇದ್ದಿರಬೇಕೆಂದು ಊಹಿಸುವುದು ಕಷ್ಟವೇನಲ್ಲ.

ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಒಬ್ಬ ಶರಣನ ಹೆಸರು ಬಾಚಿಕಾಯಕದ ಬಸವಣ್ಣ. ಬಾಚಿ ಎಂದರೆ ಮರ ಕೆತ್ತುವ ಸಲಕರಣೆ. ಆತ ತನ್ನ ಊರಿನಿಂದಲೂ ಅಲ್ಲ, ಕುಲದಿಂದಲೂ ಅಲ್ಲ, ಕೈಯಲ್ಲಿದ್ದ ಸಲಕರಣೆಯಿಂದ ಗುರುತಿಸಲ್ಪಟ್ಟ. ಆತನ ಪತ್ನಿ ಕಾಳವ್ವೆಯೂ ವಚನಕಾರ್ತಿಯೇ. ಮುಸ್ಲಿಮ್ ಕುಶಲಕರ್ಮಿಗಳಲ್ಲಿಯೂ ಇಂಥದೊಂದು ನೆನಪಿನ ಪರಂಪರೆ ಇದೆ. ‘ಕಸಬ್‌ನಾಮಾ’ ಎಂದು ಕರೆಯಲಾಗುವ ಪಾರಸಿ, ಉರ್ದು ಹೊತ್ತಗೆಗಳು ಒಂದೊಂದು ಕಸುಬನ್ನೂ ಒಬ್ಬ ಪ್ರವಾದಿಯ ಜತೆ ಕೂಡಿಸುತ್ತವೆ. ಬಡಗಿಗೆ ನಾವೆ ಕಟ್ಟಿದ ನೂಹ್, ಕಮ್ಮಾರನಿಗೆ ದಾವೂದ್. ದಾವೂದರಿಗೆ ಕಬ್ಬಿಣವನ್ನು ಮೆದುಗೊಳಿಸಿ ಕೊಟ್ಟೆವೆಂದು ಕುರ್‌ಆನ್ ಹೇಳುತ್ತದೆ. ದುಡಿಯುವ ಕೈಗೆ ಮಾನವಿದೆ ಎಂಬ ಮಾತನ್ನು ಎರಡು ಪರಂಪರೆಗಳೂ ತಮ್ಮ ತಮ್ಮ ಭಾಷೆಯಲ್ಲಿ ಹೇಳಿಕೊಂಡಿವೆ.

ಹಿಡಿ ಮಾಡುವ ಬಗೆ

ಕಡೆಯುವ ಉಳಿ ಬಡಗಿಯ ಸಾಮಾನ್ಯ ಉಳಿಯಂತಲ್ಲ. ಬಡಗಿಯ ಉಳಿಯಲ್ಲಿ ಮರ ನಿಂತಿರುತ್ತದೆ, ಉಳಿಗೆ ಕೊಡತಿಯ ಪೆಟ್ಟು ಬೀಳುತ್ತದೆ. ಕಡೆಯುವಾಗ ಮರ ತಿರುಗುತ್ತಿರುತ್ತದೆ, ಉಳಿ ನಿಂತಿರಬೇಕು. ತಿರುಗುವ ಮರ ಉಳಿಯ ತುದಿಯನ್ನು ಸದಾ ಕೆಳಕ್ಕೆ ಒತ್ತುತ್ತಿರುತ್ತದೆ. ಉಳಿಗೆ ಆಸರೆಯಾಗಿ ಒಂದು ಅಡ್ಡಪಟ್ಟಿ ಇರುತ್ತದೆ. ಆ ಪಟ್ಟಿಯಿಂದ ಉಳಿಯ ತುದಿ ಒಂದು ಅಂಗುಲ ಮುಂದಿದ್ದು, ಕೈ ಹನ್ನೆರಡು ಅಂಗುಲ ಹಿಂದಿದ್ದರೆ, ತುದಿಯಲ್ಲಿ ಬೀಳುವ ಭಾರದ ಹನ್ನೆರಡನೆಯ ಒಂದು ಪಾಲು ಮಾತ್ರ ಕೈಗೆ ಬರುತ್ತದೆ. ತುದಿ ಮೂರು ಅಂಗುಲ ಮುಂದೆ ಹೋದರೆ ಅದೇ ಭಾರದ ನಾಲ್ಕನೆಯ ಒಂದು ಪಾಲು ಕೈಗೆ ಬಡಿಯುತ್ತದೆ. ಆದ್ದರಿಂದಲೇ ಒರಟು ಕೆಲಸದ ಉಳಿಗೆ ಸುಮಾರು ಒಂದು ಮೊಳದವರೆಗೂ ಉದ್ದದ ಹಿಡಿ ಬೇಕು. ಸಣ್ಣ ಕೆತ್ತನೆಗೆ ಗೇಣುದ್ದದ ಹಿಡಿ ಸಾಕು. ಬಿಲ್ಲಿನಿಂದ ಮರ ತಿರುಗಿಸುವವನು ನೆಲದ ಮೇಲೆ ಕೂತು, ಒಂದು ಕೈಯಲ್ಲಿ ಬಿಲ್ಲು ಎಳೆಯುತ್ತ, ಇನ್ನೊಂದರಲ್ಲಿ ಹಿಡಿ ಹಿಡಿದು, ಕಾಲ ಹೆಬ್ಬೆರಳಿನಿಂದ ಉಳಿಯನ್ನು ಒತ್ತಿ ನಡೆಸುತ್ತಾನೆ. ಅವನ ಹಿಡಿಯ ಉದ್ದವನ್ನು ಯಾವ ಕಾರ್ಖಾನೆಯೂ ಗೊತ್ತುಮಾಡಲಾರದು. ಅದನ್ನು ಗೊತ್ತುಮಾಡುವುದು ಅವನ ತೋಳು, ಅವನ ಕೂರುವ ಭಂಗಿ.

ಅಲಗಿಗೆ ಬಹಳ ಕಡೆ ಬಳಕೆಯಾಗುವುದು ಸವೆದ ಅರ, ಅಂದರೆ ಲೋಹ ಉಜ್ಜುವ ಕಾನಸು. ಅದು ಒಳ್ಳೆಯ ಉಕ್ಕು, ಅಗ್ಗವಾಗಿ ಸಿಗುತ್ತದೆ. ಆದರೆ ಅರ ಗಡಸಾಗಿರುವಷ್ಟೇ ಪೆಡಸು. ಹಾಗೆಯೇ ಉಳಿಯಾಗಿ ಬಳಸಿದರೆ ತಿರುಗುವ ಮರದ ಗಂಟಿಗೆ ಸಿಕ್ಕಾಗ ಗಾಜಿನಂತೆ ಮುರಿದು ಚೂರು ಮುಖಕ್ಕೆ ಸಿಡಿಯಬಹುದು. ಅದಕ್ಕಾಗಿ ಮೊದಲು ಹಲ್ಲುಗಳನ್ನು ಸಾಣೆಯಲ್ಲಿ ಪೂರ್ತಿ ಉಜ್ಜಿ ತೆಗೆಯಬೇಕು. ಆಮೇಲೆ ನಿಧಾನವಾಗಿ ಕಾಯಿಸಿ ಅದರ ಪೆಡಸುತನ ಇಳಿಸಬೇಕು. ಬೆಳ್ಳಗೆ ಹೊಳೆಯುವ ಉಕ್ಕು ಕಾಯುತ್ತಾ ಹೋದಂತೆ ಬಣ್ಣ ತಿರುಗುತ್ತದೆ. ಸುಮಾರು 220–230 ಡಿಗ್ರಿ ಸೆಲ್ಸಿಯಸ್‌ಗೆ ಒಣಹುಲ್ಲಿನ ಬಣ್ಣ, 300 ಡಿಗ್ರಿಯ ಹತ್ತಿರ ನೀಲಿ. ಬಾಯಿಗೆ ಹುಲ್ಲಿನ ಬಣ್ಣ, ಹಿಡಿಯೊಳಗೆ ಹೋಗುವ ಬಾಲಕ್ಕೆ ನೀಲಿ. ಕಮ್ಮಾರನಿಗೆ ಉಷ್ಣಮಾಪಕ ಬೇಕಿರಲಿಲ್ಲ. ಅವನು ಕಣ್ಣಿನಿಂದಲೇ ಓದುತ್ತಿದ್ದ. 

ಇನ್ನು ಮರ. ಕಪ್ಪುಮಣ್ಣಿನ ನಮ್ಮ ಸೀಮೆಯಲ್ಲಿ ಕರಿಜಾಲಿಯೇ ರೈತನ ಮರ. ಚಕ್ಕಡಿಯಿಂದ ಹಿಡಿದು ಗುದ್ದಲಿ ಕಾವಿನವರೆಗೆ ಅದೇ. ಮಲೆನಾಡಿನ ಅಂಚಿನಲ್ಲಿ ದಿಂಡಿಗ, ಸಾಗವಾನಿ, ಬೀಟೆ ಸಿಗುತ್ತವೆ. ಈಗಂತೂ ಬೇಲಿಗೆ, ಬಯಲಿಗೆ ಹಬ್ಬಿದ ಬಳ್ಳಾರಿ ಜಾಲಿಯೂ ಹಿಡಿಗೆ ಒದಗುತ್ತದೆ. ಮರ ಯಾವುದೇ ಇರಲಿ, ಮೂರು ಸಂಗತಿ ಮುಖ್ಯ. ಮೊದಲನೆಯದು, ಅದು ಒಣಗಿರಬೇಕು. ಹಸಿ ಮರ ಒಣಗಿದಂತೆಲ್ಲ ಕುಗ್ಗುತ್ತದೆ, ಬಳೆ ಸಡಿಲಾಗುತ್ತದೆ, ಉಳಿ ಅಲುಗುತ್ತದೆ. ಎರಡನೆಯದು, ಕೊಂಬೆಯ ನಟ್ಟನಡುವಿನ ತಿರುಳು ಹಿಡಿಯೊಳಗೆ ಬರಬಾರದು, ಅಲ್ಲಿಂದಲೇ ಬಿರುಕು ಹುಟ್ಟುತ್ತದೆ. ಮೂರನೆಯದು, ಎಳೆ ತುದಿಯಿಂದ ತುದಿಗೆ ನೇರವಾಗಿರಬೇಕು. ಅದಕ್ಕೆ ಗರಗಸಕ್ಕಿಂತ ಸೀಳುವುದೇ ವಾಸಿ. ಸೀಳಿದ ಮರ ತನ್ನ ಎಳೆಯ ದಾರಿಯನ್ನು ತಾನೇ ತೋರಿಸುತ್ತದೆ.

ಕೆಲಸದ ಕ್ರಮವೂ ಅಷ್ಟೇ ಮುಖ್ಯ. ಹೊರಮೈ ಕಡೆಯುವ ಮೊದಲೇ ತೂತು ಕೊರೆಯಬೇಕು. ಕಡೆದ ಮೇಲೆ ಕೊರೆದರೆ ತೂತು ಒಂದು ಬದಿಗೆ ವಾಲುವುದು, ಅಲಗು ಹಿಡಿಯ ನೇರಕ್ಕೆ ನಿಲ್ಲುವುದಿಲ್ಲ. ಮೊದಲು ತೂತು ಮಾಡಿ, ಆ ತೂತಿನ ಬಾಯಿಯನ್ನೇ ಯಂತ್ರದ ಮೊಳೆಗೆ ಕೊಟ್ಟು ತಿರುಗಿಸಿದರೆ ಹೊರಮೈ ತಾನಾಗಿ ತೂತಿನ ಸುತ್ತ ಸಮನಾಗಿ ಕೂರುತ್ತದೆ. ಉಳಿಯ ಬಾಲ ಮೇಲೆ ದಪ್ಪ, ಕೆಳಗೆ ಸಣ್ಣ. ಹಾಗಾಗಿ ತೂತನ್ನೂ ಎರಡು ಅಳತೆಯಲ್ಲಿ, ಬಾಯಿಯಲ್ಲಿ ಅಗಲವಾಗಿ ತಳದಲ್ಲಿ ಕಿರಿದಾಗಿ ಕೊರೆಯುತ್ತಾರೆ.

ಹಿಡಿಯ ಬಾಯಿಗೆ ಲೋಹದ ಬಳೆ ಬೇಕು. ಇಲ್ಲವಾದರೆ ಬಾಲ ಒಳಗೆ ಹೋದಾಗಲೇ ಮರ ಸೀಳುತ್ತದೆ. ಹಿಂದೆ ಕಮ್ಮಾರ ಕಬ್ಬಿಣದ ತಗಡು ಬಾಗಿಸಿ ಬೆಸೆದು ಕೊಡುತ್ತಿದ್ದ. ಈಗ ಹಳೆಯ ನೀರಿನ ಕೊಳವೆಯದೋ ಸೈಕಲ್ ಹ್ಯಾಂಡಲಿನದೋ ತುಂಡು ಸಾಕಾಗುತ್ತದೆ. ಮರವನ್ನು ಬಳೆಯ ಒಳಅಳತೆಗಿಂತ ಕೂದಲೆಳೆಯಷ್ಟು ದಪ್ಪವಾಗಿ ಕಡೆದು, ಬಳೆಯನ್ನು ಕಾಯಿಸಿ ಏರಿಸುತ್ತಾರೆ. ಆರಿದ ಬಳೆ ಕುಗ್ಗಿ ಮರವನ್ನು ಬಿಗಿಯಾಗಿ ಹಿಡಿಯುತ್ತದೆ. ಚಕ್ಕಡಿ ಗಾಲಿಗೆ ಪಟ್ಟಾ ಏರಿಸುವುದನ್ನು ಕಂಡವರಿಗೆ ಇದು ಹೊಸದಲ್ಲ. ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾದ ಪಟ್ಟಾವನ್ನು ಇಕ್ಕಳದಲ್ಲಿ ಎತ್ತಿ ಗಾಲಿಗೆ ಹಾಕಿ, ಮರ ಹೊತ್ತಿಕೊಳ್ಳುವ ಮೊದಲೇ ಕೊಡಗಟ್ಟಲೆ ನೀರು ಸುರಿಯುವ ಆ ನೋಟ ನಮ್ಮ ಬಾಲ್ಯದ ಹಳ್ಳಿಗಳಲ್ಲಿ ಸಾಮಾನ್ಯವಾಗಿತ್ತು. ಗಾಲಿಗೂ ಹಿಡಿಗೂ ವಿದ್ಯೆ ಒಂದೇ, ಅಳತೆ ಬೇರೆ.

ಕಡೆಗೆ ಬಾಲವನ್ನು ಕೂರಿಸುವುದು. ಉಳಿಯ ಬಾಯಿಗೆ ಒದ್ದೆ ಬಟ್ಟೆ ಸುತ್ತಿ, ಬಾಲವನ್ನು ಮಾತ್ರ ಮಂದಕೆಂಪಾಗಿ ಕಾಯಿಸಿ, ತೂತಿಗೆ ಒತ್ತಿ ಸುಟ್ಟು ತೆಗೆಯುತ್ತಾರೆ. ಬಟ್ಟೆ ಸುತ್ತದಿದ್ದರೆ ಕಮ್ಮಾರ ಕೊಟ್ಟ ಹದವೆಲ್ಲ ಹೋಗುತ್ತದೆ. ಹೆಚ್ಚು ಹೊತ್ತು ಬಿಟ್ಟರೂ ಕಷ್ಟ, ಸುತ್ತಲಿನ ಮರ ಇದ್ದಿಲಾದರೆ ಹಿಡಿತ ಎಲ್ಲಿಂದ ಬರಬೇಕು? ಸ್ವಲ್ಪ ಸುಟ್ಟು, ಕರಿ ಕೆಡವಿ, ಮತ್ತೆ ಸ್ವಲ್ಪ ಸುಟ್ಟು, ಕೊನೆಯ ಕಾಲುಭಾಗವನ್ನು ಪೆಟ್ಟಿನಿಂದ ಇಳಿಸಬೇಕು. ಪೆಟ್ಟನ್ನೂ ಅಲಗಿನ ಮೇಲೆ ಹೊಡೆಯುವುದಿಲ್ಲ. ಹಿಡಿಯನ್ನು ಕೈಯಲ್ಲಿ ತೂಗಿ ಹಿಡಿದು ಅದರ ಹಿಂಬದಿಗೆ ಕೊಡತಿಯಿಂದ ಬಡಿದರೆ, ಅಲಗು ತನ್ನ ಭಾರದಿಂದಲೇ ಒಳಗೆ ಇಳಿಯುತ್ತದೆ. ಸಂದು ಉಳಿದರೆ ಕರಗಿಸಿದ ಅರಗು ತುಂಬುತ್ತಾರೆ. ಇದೇ ಅರಗಿನ ಅಂಟಿನಿಂದಲೇ ನಮ್ಮ ನಾಡಿನ ತಲವಾರುಗಳ ಹಿಡಿಗಳೂ ಕೂರುತ್ತಿದ್ದವು. ಸುಲ್ತಾನನ ತಲವಾರಿಗೂ ಬುಗುರಿ ಕಡೆಯುವವನ ಉಳಿಗೂ ಒಳಗಿನ ಅಂಟು ಒಂದೇ. ಹುಳ ಜಾಲಿ, ಬೋರೆ, ಮುತ್ತುಗದ ಕೊಂಬೆಯ ಮೇಲೆ ಕಟ್ಟಿದ ಅರಗು.

ಹಿಡಿಗೆ ವಾರ್ನಿಶ್ ಹಚ್ಚುವ ವಾಡಿಕೆ ಇಲ್ಲ. ಬೆವರಿದ ಕೈಗೆ ಅದು ಜಾರುತ್ತದೆ, ಅಂಗೈಗೆ ಬೊಬ್ಬೆ ಬರುತ್ತದೆ. ನಮ್ಮ ಹೊಲಗಳಲ್ಲೇ ಬೆಳೆಯುತ್ತಿದ್ದ ಅಗಸೆಯ ಎಣ್ಣೆ ಎರಡು ಸಲ ತಿಕ್ಕಿದರೆ ಸಾಕು. ಮುಂದಿನ ಹೊಳಪನ್ನು ಕೈಯೇ ಕೊಡುತ್ತದೆ.

ಇಲ್ಲೊಂದು ಸೋಜಿಗವನ್ನು ಓದುಗರು ಗಮನಿಸಬೇಕು. ಮರ ಕಡೆಯಲು ಉಳಿ ಬೇಕು, ಉಳಿಗೆ ಹಿಡಿ ಬೇಕು, ಹಿಡಿಯನ್ನು ಕಡೆಯಲು ಮತ್ತೆ ಉಳಿ ಬೇಕು. ಹಾಗಾದರೆ ಮೊದಲ ಹಿಡಿ? ಅದನ್ನು ಬಾಚಿಯಿಂದ ಒರಟಾಗಿ ಕೆತ್ತಬೇಕು, ಇಲ್ಲವೇ ಇನ್ನೊಬ್ಬರ ಉಳಿಯನ್ನು ಎರವಲು ತರಬೇಕು. ಒಬ್ಬನೇ ಎಲ್ಲವನ್ನೂ ಮಾಡಿಕೊಳ್ಳಬಲ್ಲ ಕಸುಬು ಇದಲ್ಲ ಎಂಬುದು ಮೊದಲ ದಿನವೇ ತಿಳಿಯುತ್ತದೆ.

ಅಡ್ಡಹೆಸರುಗಳಲ್ಲಿ ಉಳಿದ ಚರಿತ್ರೆ

ಒಂದು ಉಳಿಯ ಹಿಂದೆ ಎಷ್ಟು ಜನರಿದ್ದರು ಎಂಬುದನ್ನು ತಿಳಿಯಲು ನಮ್ಮ ಉತ್ತರ ಕರ್ನಾಟಕದ ಅಡ್ಡಹೆಸರುಗಳೇ ಸಾಕು. ಅಲಗು ಬಡಿದವನು ಕಂಬಾರ. ಹಿಡಿ ಕಡೆದವನು ಬಡಿಗೇರ. ಬಾಯಿ ಹರಿತ ಮಾಡಿದವನು ಶಿಕಲಗಾರ. ಮೊದಲಿನ ಇಬ್ಬರು ಪಾಂಚಾಳರು, ಮೂರನೆಯವರು ನಮ್ಮ ಭಾಗದಲ್ಲಿ ಹೆಚ್ಚಾಗಿ ಮುಸ್ಲಿಮರು. ಶಿಕಲಗಾರ ಎಂಬ ಮಾತಿನ ಮೂಲ ಅರಬಿಯ ‘ಸೈಕಲ್’, ಲೋಹಕ್ಕೆ ಹೊಳಪು ಕೊಡುವವನು ಎಂದು ಅರ್ಥ. ಅದಕ್ಕೆ ಪಾರಸಿಯ ‘ಗರ್’ ಸೇರಿ, ಮರಾಠಿ ಕನ್ನಡಗಳ ಬಾಯಲ್ಲಿ ಪಳಗಿ ಶಿಕಲಗಾರ ಆಯಿತು. ತಲವಾರುಗಳ ಕಾಲ ಮುಗಿದ ಮೇಲೆ ಈ ಜನ ಕುಡಗೋಲು, ಕತ್ತರಿ, ಉಳಿಗಳಿಗೆ ಸಾಣೆ ಹಿಡಿದು ಬದುಕಿದರು. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿ, ಕನ್ನಡಕ್ಕೆ ಎಂಟನೆಯ ಜ್ಞಾನಪೀಠ ತಂದ ಚಂದ್ರಶೇಖರ ಕಂಬಾರರ ಹೆಸರಿನಲ್ಲಿಯೂ ಕುಲುಮೆಯ ಕಸುಬು ಕೂತಿದೆ. ಪಿಂಜಾರ, ಅತ್ತಾರ, ಬಾಗವಾನ, ಪತ್ತಾರ, ಕುಂಬಾರ ಎಂದು ಶಾಲೆಯ ಹಾಜರಿ ಪುಸ್ತಕ ತೆರೆದರೆ ಸಾಕು, ಒಂದು ಊರಿನ ಕಸುಬುಗಳ ಪಟ್ಟಿಯೇ ಸಿಗುತ್ತದೆ.

ಈ ಕೊಡುಕೊಳೆಗೆ ಹಣ ನಡುವೆ ಬರುತ್ತಿದ್ದುದು ಕಡಿಮೆ. ರಾಶಿಯ ಕಾಲದಲ್ಲಿ ಕಣಕ್ಕೆ ಬಂದು ಆಯ ಒಯ್ಯುವ ಆಯಗಾರ ಪದ್ಧತಿ ಇತ್ತು. ಮರಾಠಿ ಸೀಮೆಯಲ್ಲಿ ಇದೇ ಬಾರಾ ಬಲುತೇದಾರಿ. ಈ ಪದ್ಧತಿಯನ್ನು ನಾವು ಹೊಗಳಿ ಹಾಡಬೇಕಾಗಿಲ್ಲ. ಅದರಲ್ಲಿ ಮೇಲು ಕೀಳು ಇತ್ತು, ಕೆಲವರಿಗೆ ಕಣದ ಅಂಚಿನಲ್ಲಿಯೇ ನಿಲ್ಲಬೇಕಾಗುತ್ತಿತ್ತು, ಮಗ ತಂದೆಯ ಕಸುಬನ್ನು ಬಿಟ್ಟು ಹೊರಹೋಗುವ ದಾರಿ ಇರಲಿಲ್ಲ. ಆದರೆ ಒಂದು ಮಾತು ನಿಜ. ಒಬ್ಬರ ಉಳಿ ಇನ್ನೊಬ್ಬರ ಕೈ ದಾಟದೆ ಕೆಲಸಕ್ಕೆ ಬರುತ್ತಿರಲಿಲ್ಲ. ಖಂಡೇನವಮಿಯ ದಿನ ಬಡಿಗೇರನ ಮನೆಯಲ್ಲಿ ಪೂಜೆಗೆ ಇಟ್ಟ ಉಳಿಗೆ ಹಿಂದಿನ ವಾರ ಸಾಣೆ ಹಿಡಿದವನು ಮಸೀದಿಗೆ ಹೋಗುವವನಾಗಿರಬಹುದಿತ್ತು. ಯಾರೂ ಅದನ್ನು ಸೌಹಾರ್ದ ಎಂದು ಕರೆಯುತ್ತಿರಲಿಲ್ಲ. ಅದು ಕೆಲಸ, ಅಷ್ಟೇ.

ಚನ್ನಪಟ್ಟಣದ ಪ್ರಶ್ನೆ

ಮರ ಕಡೆಯುವ ಮಾತು ಬಂದರೆ ಕರ್ನಾಟಕದಲ್ಲಿ ಚನ್ನಪಟ್ಟಣವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಆಲೆ ಮರದ ಬಿಳಿಯ ಮೈ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿದ ಮೇಲೆ ತಾಳೆಗರಿಯಿಂದ ತಿಕ್ಕಿ ಹೊಳಪು ತರುವುದು ಅಲ್ಲಿಯ ವಿದ್ಯೆ. ಅಲ್ಲಿಯ ಕುಶಲಕರ್ಮಿಗಳಲ್ಲಿ ಮುಸ್ಲಿಮರು ಬಹಳ. ಈ ಶತಮಾನದ ಮೊದಲ ದಶಕದಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು.

ಚನ್ನಪಟ್ಟಣದ ಗೊಂಬೆಯ ಮೂಲ ಹೇಳುವಾಗ ಜನಜನಿತವಾದ ಕಥೆಯೊಂದಿದೆ. ಟಿಪ್ಪು ಸುಲ್ತಾನ್ ಪರ್ಶಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿಯವರಿಗೆ ವಿದ್ಯೆ ಕಲಿಸಿದ ಎಂಬುದು ಅದು. ಟಿಪ್ಪುವಿನ ಹೆಸರು ಎತ್ತಿದರೆ ಸಾಕು, ಇಂದು ಚರ್ಚೆ ಎಲ್ಲಿಗೆ ಹೋಗುತ್ತದೆಂದು ಓದುಗರಿಗೆ ಗೊತ್ತು. ಒಬ್ಬರು ಗೊಂಬೆಯನ್ನು ಸುಲ್ತಾನನ ಕಿರೀಟಕ್ಕೆ ಸಿಕ್ಕಿಸುತ್ತಾರೆ, ಇನ್ನೊಬ್ಬರು ಅದನ್ನು ಕಿತ್ತೊಗೆಯಲು ಹೊರಡುತ್ತಾರೆ. ಈ ಎಳೆದಾಟದಲ್ಲಿ ಗೊಂಬೆ ಕಡೆದ ಕೈ ಮರೆಯಾಗುತ್ತದೆ. ಅರಸ ಕರೆಸಿದ್ದು ನಿಜವೇ ಇರಲಿ, ಬಂದವರು ಹೊಸ ಬಗೆ ಕಲಿಸಿದ್ದು ನಿಜವೇ ಇರಲಿ, ಅವರ ಉಳಿಗಳಿಗೆ ಉಕ್ಕು ಕೊಟ್ಟವರು ಯಾರು? ಹಿಡಿಗೆ ಮರ ಯಾವ ತೋಟದ್ದು?

1800ರಲ್ಲಿ, ಟಿಪ್ಪು ತೀರಿದ ಮರುವರ್ಷ, ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯಲ್ಲಿ ಸುತ್ತಾಡಿದ. ಚನ್ನಪಟ್ಟಣದಲ್ಲಿ ಆತ ಗುರುತಿಸಿದ ಕಸುಬುಗಳಲ್ಲಿ ಒಂದು ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುವುದು. ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಆ ಊರಿನ ಅರಗಿನ ಸಾಮಾನು ಮತ್ತು ಆಟಿಕೆಗಳ ಜತೆಗೇ ಉಕ್ಕಿನ ತಂತಿಯನ್ನೂ ಗಾಜಿನ ಬಳೆಯನ್ನೂ ಹೆಸರಿಸುತ್ತದೆ. ವೀಣೆಯ ತಂತಿ ಎಳೆಯುವಷ್ಟು ಒಳ್ಳೆಯ ಉಕ್ಕು ಬಲ್ಲವರ ಊರು ಅದು. ದಕ್ಷಿಣ ಭಾರತದ ಮೂಸೆಯ ಉಕ್ಕು ಯುರೋಪಿನಲ್ಲಿ ‘ವೂಟ್ಜ್’ ಎಂಬ ಹೆಸರಿನಿಂದ ಪ್ರಸಿದ್ಧವಾಗಿತ್ತು. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಜಾರ್ಜ್ ಪಿಯರ್ಸನ್ ಅದರ ಬಗ್ಗೆ ಪ್ರಬಂಧ ಮಂಡಿಸಿದ್ದ. 1820ರ ಸುಮಾರಿಗೆ ಮೈಕೆ‍ಲ್ ಫ್ಯಾರಡೆ ಅದೇ ಉಕ್ಕಿನ ಗುಟ್ಟು ಹುಡುಕುತ್ತ ಪ್ರಯೋಗ ನಡೆಸಿದ್ದ. ಆ ಹೆಸರು ಕನ್ನಡದ ‘ಉಕ್ಕು’ ಎಂಬ ಮಾತಿನಿಂದಲೇ ಬಂದದ್ದೆಂದು ಅನೇಕ ವಿದ್ವಾಂಸರ ಅಭಿಪ್ರಾಯ.

ಹೀಗೆ ನೋಡಿದರೆ ಚನ್ನಪಟ್ಟಣದ ಒಂದು ಉಳಿಯಲ್ಲಿ ಅಲಗಿನ ವಿದ್ಯೆ ಇಲ್ಲಿಯ ಕಮ್ಮಾರನದು, ಕಡೆಯುವ ಹೆಸರು ಕನ್ನಡದ ಕಡಗೋಲಿನದು, ಹೊಸ ಬಗೆಯ ಕೆಲಸಗಾರಿಕೆ ಹೊರಗಿನಿಂದ ಬಂದದ್ದಿರಬಹುದು. ಮುಂದೆ ಮೈಸೂರು ಸಂಸ್ಥಾನದ ಕಾಲದಲ್ಲಿ ಬಾವಾಸ್ ಮಿಯಾನ್ ಎಂಬವರು ಜಪಾನಿನ ಗೊಂಬೆ ಕೆಲಸದ ಬಗೆಯನ್ನು ಇಲ್ಲಿಗೆ ತಂದರೆಂದು ಊರು ನೆನೆಯುತ್ತದೆ. ಚನ್ನಪಟ್ಟಣದ ಗೊಂಬೆಯ ತಂದೆ ಎಂದೇ ಅವರಿಗೆ ಹೆಸರು. ಬಂದದ್ದನ್ನು ಇಲ್ಲಿಯ ಕೈ ತನ್ನ ಹಿಡಿಗೆ ಹೊಂದಿಸಿಕೊಂಡಿತು. ಯಾರದೋ ಒಬ್ಬರ ದಾನವೆಂದೋ, ಯಾರ ನೆರವೂ ಇಲ್ಲದೆ ನೆಲದಿಂದ ಎದ್ದದ್ದೆಂದೋ ಹೇಳುವ ಎರಡೂ ಕಥೆಗಳು ಕುಶಲಕರ್ಮಿಗೆ ಅನ್ಯಾಯ ಮಾಡುತ್ತವೆ.

ಹಿಡಿ ಬಿಟ್ಟ ಕೈ

ಸುಮಾರು 1800ರ ಹೊತ್ತಿಗೆ ಲಂಡನ್ನಿನಲ್ಲಿ ಹೆನ್ರಿ ಮಾಡ್‌ಸ್ಲೆ ಎಂಬ ಕುಶಲಕರ್ಮಿ ಲೋಹ ಕಡೆಯುವ ಯಂತ್ರವನ್ನು ಪಳಗಿಸಿದ. ಅದರಲ್ಲಿ ಉಳಿಯನ್ನು ಮನುಷ್ಯ ಹಿಡಿಯುವುದಿಲ್ಲ, ಕಬ್ಬಿಣದ ಜಾರುಬಂಡಿಯೊಂದು ಹಿಡಿಯುತ್ತದೆ. ಮನುಷ್ಯ ಪಕ್ಕದ ಚಕ್ರ ತಿರುಗಿಸಿದರೆ ಸಾಕು. ಅಂದಿನಿಂದ ಒಂದೇ ಅಳತೆಯ ಸಾವಿರಾರು ತಿರುಪುಗಳನ್ನು ಕಡೆಯುವುದು ಸಾಧ್ಯವಾಯಿತು, ಕೈಗಾರಿಕೆಯ ಯುಗ ಅದರ ಮೇಲೆ ನಿಂತಿತು. ಅದೇ ಹೊತ್ತಿಗೆ ಉಳಿ ತನ್ನ ಹಿಡಿ ಕಳೆದುಕೊಂಡಿತು.

ಆ ಯಂತ್ರದ ಕಥೆಗೆ ನಮ್ಮ ಜಿಲ್ಲೆಯ ನಂಟೂ ಇದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಮುಂದೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ಮಣ್ಣಿಗೆ ವಿಷವೆಂದು ರೈತರು ಮೊದಲು ಅದನ್ನು ಮುಟ್ಟಲಿಲ್ಲ. 1910ರಲ್ಲಿ ಅವರು ಔಂಧ್ ಸಂಸ್ಥಾನಕ್ಕೆ ಹೋಗಿ ಕಿರ್ಲೋಸ್ಕರವಾಡಿ ಕಟ್ಟಿದರು. ಅದೇ ಮನೆತನದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ 1941ರಲ್ಲಿ ಹರಿಹರದಲ್ಲಿ ಆರಂಭವಾಗಿ ದೇಶದ ಉದ್ದಗಲಕ್ಕೂ ಲೇತ್ ಯಂತ್ರಗಳನ್ನು ಕಳಿಸಿತು. ಆ ಕಾರ್ಖಾನೆಯೂ ಈಗ ಮುಚ್ಚಿದೆ. ಬೆಳಗಾವಿಯ ಉದ್ಯಮಬಾಗದಲ್ಲಿ ಮಾತ್ರ ಲೋಹ ಕಡೆಯುವ ಸದ್ದು ನಿಂತಿಲ್ಲ. ಅಲ್ಲಿ ದುಡಿಯುವ ಹುಡುಗರಲ್ಲಿ ಕಂಬಾರರೂ ಇದ್ದಾರೆ, ಶಿಕಲಗಾರರೂ ಇದ್ದಾರೆ, ಬಡಿಗೇರರೂ ಇದ್ದಾರೆ. ಕಸುಬು ಕುಲದ ಕಟ್ಟು ಬಿಚ್ಚಿಕೊಂಡು ಹೊರಬಂದದ್ದು ಸಂತೋಷದ ಸಂಗತಿಯೇ. ಯಾವ ಮನೆಯಲ್ಲಿ ಹುಟ್ಟಿದವನಾದರೂ ಇಂದು ಐಟಿಐ ಸೇರಿ ಟರ್ನರ್ ಆಗಬಹುದು.

ಹಳ್ಳಿಯಲ್ಲಿ ಆದದ್ದು ಬೇರೆ. ಚಕ್ಕಡಿಯ ಮರದ ಗಾಲಿಗೆ ಬದಲು ರಬ್ಬರಿನ ಟಾಯರ್ ಬಂತು, ಆಮೇಲೆ ಟ್ರ್ಯಾಕ್ಟರ್ ಬಂತು. ಹೊರಸಿನ ಜಾಗಕ್ಕೆ ಕಬ್ಬಿಣದ ಮಂಚ, ಕಡಗೋಲಿನ ಜಾಗಕ್ಕೆ ಮಿಕ್ಸರ್, ಬುಗುರಿಯ ಜಾಗಕ್ಕೆ ಪ್ಲಾಸ್ಟಿಕ್. ಕುಡಗೋಲಿಗೂ ಪ್ಲಾಸ್ಟಿಕ್ ಹಿಡಿ ಹಾಕಿಯೇ ಪೇಟೆಗೆ ಬರುತ್ತದೆ. ಹಿಡಿ ಸಡಿಲಾದರೆ ರಿಪೇರಿ ಇಲ್ಲ, ಎಸೆದು ಹೊಸದು ತರಬೇಕು. ಇದಕ್ಕಾಗಿ ಅಳುತ್ತ ಕೂರುವುದರಲ್ಲಿ ಅರ್ಥವಿಲ್ಲ. ಬಿಸಿಲಲ್ಲಿ ಬಿಲ್ಲು ಎಳೆದು ಬೆನ್ನು ಬಾಗಿಸಿಕೊಂಡವನ ಮಗ ಓದಿ ನೌಕರಿ ಹಿಡಿದರೆ ನಾವು ಹರಸಬೇಕು. ಆದರೆ ಕಣ್ಣಿಗೆ ಕಾಣದ ಒಂದು ನಷ್ಟವೂ ಆಗಿದೆ. ಮೊದಲು ಕಂಬಾರನ ಕುಲುಮೆಗೆ, ಬಡಿಗೇರನ ಅಂಗಳಕ್ಕೆ, ಶಿಕಲಗಾರನ ಸಾಣೆಗೆ ಊರಿನ ಎಲ್ಲ ಓಣಿಯವರೂ ಹೋಗಬೇಕಾಗುತ್ತಿತ್ತು. ಹೋದವರು ಕೂರುತ್ತಿದ್ದರು, ಮಾತಾಡುತ್ತಿದ್ದರು, ಒಬ್ಬರ ಮನೆಯ ಸಾವು ನೋವು ಇನ್ನೊಬ್ಬರಿಗೆ ತಿಳಿಯುತ್ತಿತ್ತು. ಈಗ ಒಂದು ಓಣಿಯವರು ಇನ್ನೊಂದು ಓಣಿಗೆ ಹೋಗುವ ಕಾರಣವೇ ಉಳಿದಿಲ್ಲ. ಕಾರಣವಿಲ್ಲದ ಜಾಗಕ್ಕೆ ಅನುಮಾನ ಬಂದು ಕೂರುತ್ತದೆ. ಇಂದು ಸೌಹಾರ್ದಕ್ಕೆಂದು ಸಭೆ ಕರೆಯಬೇಕಾಗಿದೆ, ವೇದಿಕೆ ಹಾಕಬೇಕಾಗಿದೆ. ಅಂದು ಸಡಿಲಾದ ಒಂದು ಉಳಿ ಸಾಕಾಗುತ್ತಿತ್ತು.

ನಮ್ಮ ಶಾಲೆಗಳಲ್ಲಿ ಸ್ಥಳೀಯ ಚರಿತ್ರೆ ಎಂದರೆ ದೇವಸ್ಥಾನ, ದರ್ಗಾ, ಕೋಟೆಗಳ ಪಟ್ಟಿ. ಅವು ಇರಲಿ. ಅವುಗಳ ಜತೆಗೆ ಮಕ್ಕಳು ತಮ್ಮ ಊರಿನ ಹಳೆಯ ಸಲಕರಣೆಗಳನ್ನೂ ಹುಡುಕಿ ಬರೆದಿಡಬಹುದು. ಅಟ್ಟದ ಮೇಲೆ, ಹಿತ್ತಿಲ ಮೂಲೆಯಲ್ಲಿ ಇನ್ನೂ ಕೆಲವು ಉಳಿಗಳು, ಬಾಚಿಗಳು ಬಿದ್ದಿರಬಹುದು. ಅಲಗು ತುಕ್ಕು ಹಿಡಿದಿದ್ದರೂ ಹಿಡಿಯಲ್ಲಿ ಹೆಬ್ಬೆರಳು ಕೂರುತ್ತಿದ್ದ ಕುಳಿ ಉಳಿದಿರುತ್ತದೆ. ಮರ ಯಾವುದು, ಅಲಗು ಯಾವ ಅರದಿಂದಾದದ್ದು, ಬಳೆ ಯಾರು ಬೆಸೆದರು, ಸಾಣೆಗೆ ಯಾರ ಮನೆಗೆ ಹೋಗುತ್ತಿದ್ದರು ಎಂದು ಬದುಕಿರುವ ಹಿರಿಯರನ್ನು ಕೇಳಿದರೆ ನಾಲ್ಕು ಮನೆಗಳ ಹೆಸರು ಒಂದೇ ಪುಟದಲ್ಲಿ ಬರುತ್ತವೆ. ಅಂಥ ನೂರು ಪುಟಗಳು ಸೇರಿದರೆ ರಾಯಬಾಗ, ಅಥಣಿ, ಚಿಕ್ಕೋಡಿ ಸೀಮೆಯ ಚರಿತ್ರೆಯನ್ನು ಅರಸರ ಹೆಸರಿಲ್ಲದೆಯೂ ಬರೆಯಬಹುದು.

ಕೊಡಲಿ ಕಾವಿನ ಗಾದೆ ಸುಳ್ಳೆಂದು ನಾವು ಹೇಳುವುದಿಲ್ಲ. ಮನೆಯವರೇ ಮನೆ ಮುರಿಯುವುದನ್ನು ನಾವು ದಿನಾಲು ಕಾಣುತ್ತಿದ್ದೇವೆ. ಆದರೆ ಅದೇ ಜಾಲಿ ಕಡೆಯುವವನ ಕೈಯಲ್ಲಿ ಉಳಿಯ ಹಿಡಿಯಾಗಿ, ತನ್ನ ಕುಲದ ಮರಕ್ಕೆ ತೊಟ್ಟಿಲ ಕಂಬದ, ಕಡಗೋಲಿನ, ಬುಗುರಿಯ ರೂಪ ಕೊಟ್ಟದ್ದೂ ಉಂಟು. ಅದಕ್ಕೊಂದು ಗಾದೆ ಹುಟ್ಟಲಿಲ್ಲ.